ಹೆಸರಿನಲ್ಲಿ ಅಡಗಿದ ಅಂಕಿ: ಕಟಪಯಾದಿ ಮತ್ತು ಮೇಳರಾಗಗಳು

ಶಾಸ್ತ್ರಗಳನ್ನು ಪದ್ಯರೂಪದಲ್ಲಿ ಕಟ್ಟಿ ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ ದೊಡ್ಡ ಸಂಖ್ಯೆಗಳನ್ನು ಛಂದಸ್ಸಿಗೆ ಹೊಂದಿಸುವುದು ಜ್ಯೋತಿರ್ಗಣಿತಜ್ಞರಿಗೆ ತೊಡಕಿನ ಕೆಲಸವಾಗಿತ್ತು. ಆರ್ಯಭಟನು ಅಕ್ಷರಗಳಿಗೆ ಬೆಲೆ ಕಟ್ಟಿ ಈ ತೊಡಕನ್ನು ಬಿಡಿಸಿದನಾದರೂ ಆ ಕ್ರಮದಲ್ಲಿ ಹುಟ್ಟುವ ಶಬ್ದಗಳಿಗೆ ಅರ್ಥವಿರಲಿಲ್ಲ, ಕೆಲವನ್ನು ಉಚ್ಚರಿಸುವುದೂ ಕಷ್ಟ. 683ರಲ್ಲಿ ಪ್ರಚಾರಕ್ಕೆ ಬಂದಿತೆಂದು ಪರಂಪರೆ ಹೇಳುವ, ಕೇರಳದ ಹರಿದತ್ತನ ಪರಹಿತ ಗಣಿತದಲ್ಲಿ ಬಳಕೆಯಾದ ಕಟಪಯಾದಿ ಪದ್ಧತಿಯಾದರೋ ಹೆಚ್ಚು ಉದಾರವಾದದ್ದು. ಇದರಲ್ಲಿ ಕ, ಟ, ಪ, ಯ ನಾಲ್ಕೂ ಒಂದನ್ನು ಸೂಚಿಸಿ, ಅವುಗಳ ಮುಂದಿನ ವ್ಯಂಜನಗಳು ಎರಡು, ಮೂರು ಎಂದು ಏರುತ್ತವೆ. ಞ, ನ ಮತ್ತು ಒಂಟಿಯಾಗಿ ಬರುವ ಸ್ವರಗಳು ಸೊನ್ನೆ. ವ್ಯಂಜನಕ್ಕೆ ಸೇರಿದ ಸ್ವರ ಲೆಕ್ಕಕ್ಕಿಲ್ಲ. ಅಂಕಿಗಳನ್ನು ಓದುವುದು ಬಲದಿಂದ ಎಡಕ್ಕೆ. ಒಂದೇ ಅಂಕಿಗೆ ಹಲವು ಅಕ್ಷರಗಳಿರುವುದರಿಂದ ಸಂಖ್ಯೆಯನ್ನು ಅರ್ಥವುಳ್ಳ ಮಾತಾಗಿಸಲು ಸಾಧ್ಯವಾಯಿತು. ಗಣಿತಜ್ಞ ಸಂಗಮಗ್ರಾಮದ ಮಾಧವನ 24 ಜ್ಯಾಮೌಲ್ಯಗಳು (ಸೈನ್ ಬೆಲೆಗಳು) ಉಳಿದುಬಂದಿರುವುದು ಹೀಗೆಯೇ.

ಕರ್ನಾಟಕ ಸಂಗೀತದಲ್ಲಿ ಈ ಪದ್ಧತಿ ಇನ್ನೂ ಸೊಗಸಾದ ಕೆಲಸ ಮಾಡಿದೆ. ತಂಜಾವೂರಿನ ನಾಯಕ ಅರಸರ ಮಂತ್ರಿಯಾಗಿದ್ದ, ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿಯು 17ನೆಯ ಶತಮಾನದಲ್ಲಿ ರಚಿಸಿದ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ, ಆರು ರಿಷಭ-ಗಾಂಧಾರ ಜೋಡಿಗಳು, ಆರು ಧೈವತ-ನಿಷಾದ ಜೋಡಿಗಳು ಮತ್ತು ಎರಡು ಮಧ್ಯಮಗಳನ್ನು ಹೆಣೆದು 72 ಮೇಳಗಳನ್ನು, ಅಂದರೆ ರಾಗಗಳಿಗೆ ಆಧಾರವಾದ ಸ್ವರಸಮೂಹಗಳನ್ನು, ಗಣಿತದಿಂದ ಸಾಧಿಸಿದನು. ಮೇಳದ ಅಂಕಿಯನ್ನು ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಹುದುಗಿಸುವ ರೂಢಿ ಅನಂತರದ್ದು. ಅದಕ್ಕಾಗಿ ಹಳೆಯ ಹೆಸರುಗಳ ಹಿಂದೆ ಮಾಯಾ, ಧೀರ, ಮೇಚ ಎಂಬ ಪದಗಳನ್ನು ಅಂಟಿಸಿ ಮಾಳವಗೌಳ, ಶಂಕರಾಭರಣ, ಕಲ್ಯಾಣಿಗಳನ್ನು ಪಟ್ಟಿಗೆ ಒಗ್ಗಿಸಲಾಯಿತು.

ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು, ತಿರುವಿದರೆ 29. ಅದು 36ಕ್ಕಿಂತ ಕಡಿಮೆಯಾದ್ದರಿಂದ ಶುದ್ಧ ಮಧ್ಯಮ. ಆರಾರು ಮೇಳಗಳ ಐದನೆಯ ಗುಂಪಾದ ಬಾಣಚಕ್ರದಲ್ಲಿರುವುದರಿಂದ ಚತುಃಶ್ರುತಿ ರಿಷಭ ಮತ್ತು ಅಂತರ ಗಾಂಧಾರ. ಆ ಗುಂಪಿನಲ್ಲಿಯೂ ಐದನೆಯದಾದ್ದರಿಂದ ಚತುಃಶ್ರುತಿ ಧೈವತ ಮತ್ತು ಕಾಕಲಿ ನಿಷಾದ. ಇದಕ್ಕೆ 36 ಕೂಡಿಸಿದರೆ ಸಿಗುವ 65ನೆಯ ಮೇಚಕಲ್ಯಾಣಿಯಲ್ಲಿ ಬದಲಾಗುವುದು ಮಧ್ಯಮವೊಂದೇ. ಹೀಗೆ ಎರಡು ಅಕ್ಷರಗಳನ್ನು ನೆನಪಿಟ್ಟವನಿಗೆ ಏಳು ಸ್ವರಗಳೂ ಲೆಕ್ಕದಿಂದಲೇ ದೊರೆಯುತ್ತವೆ. ನೆನಪಿಗಿಂತ ಲೆಕ್ಕಕ್ಕೇ ಹೆಚ್ಚು ಹೊಣೆ ಹೊರಿಸಿರುವುದು ಈ ಏರ್ಪಾಡಿನ ಹೆಚ್ಚುಗಾರಿಕೆ.

ಆದರೂ ಹೆಸರಿಟ್ಟವರು ಎಲ್ಲೆಡೆ ನಿಯಮಕ್ಕೆ ಕಟ್ಟುಬಿದ್ದಿಲ್ಲ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನು ಎಣಿಸಬೇಕೆಂಬ ಕಟ್ಟಳೆಯಂತೆ ಚಕ್ರವಾಕವು 26 ಆಗಬೇಕು; ಅದರ ಸ್ಥಾನ 16 ಆದ್ದರಿಂದ ಅಲ್ಲಿ ರಕಾರವನ್ನು ಬಿಟ್ಟು ಕಕಾರವನ್ನು ಎಣಿಸುತ್ತಾರೆ. ಕಚೇರಿಗಳಲ್ಲಿಯಾದರೋ ಧೀರ, ಮೇಚಗಳ ಗೊಡವೆಯಿಲ್ಲ. ಸರಳೆ ವರಸೆ ಕಲಿಯುವ ಮಕ್ಕಳಿಗೆ ಮಾತ್ರ ಮೊದಲ ದಿನವೇ ‘ಮಾಯಾ’ ಸೇರಿದ ಮಾಳವಗೌಳ ಎದುರಾಗುತ್ತದೆ.