ಪ್ರತಿದೀಪ್ತಿ

ರೋಗನಿರೋಧಕ ಕೋಶಗಳ ಕುರಿತ ಬರಹಗಳಲ್ಲಿ ‘ಪ್ರತಿದೀಪ್ತ ಪ್ರತಿಕಾಯ’ ಎಂಬ ಜೋಡಿ ಕಾಣುತ್ತದೆ. ಅಲ್ಲಿನ ಎರಡು ‘ಪ್ರತಿ’ಗಳ ಅರ್ಥ ಒಂದೇ ಅಲ್ಲ. ಪ್ರತಿಕಾಯದ್ದು ಪ್ರತಿವಿಷದಲ್ಲಿರುವಂತೆ ಎದುರು ನಿಲ್ಲುವ ‘ಪ್ರತಿ’. ಪ್ರತಿದೀಪ್ತಿಯದು ಬಿದ್ದ ಬೆಳಕಿಗೆ ಮರುನುಡಿಯುವ ‘ಪ್ರತಿ’. ಇದನ್ನು ಪ್ರತಿಫಲನವೆಂದು ತಿಳಿಯುವ ಅಪಾಯವಿದೆ, ಆದ್ದರಿಂದ ‘ಫ್ಲೋರೆಸೆನ್ಸ್’ ಎಂದೇ ಬರೆಯಬೇಕು ಎಂಬ ಆಕ್ಷೇಪ ಹಗುರವಾದುದಲ್ಲ. ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಕೂಡ 1852ರಲ್ಲಿ ಈ ಹೊಳಪಿಗೆ ಮೊದಲು ಒಂದು ಬಗೆಯ ಪ್ರತಿಫಲನವೆಂದೇ ಹೆಸರಿಟ್ಟು, ಅದು ಹಿಡಿಸದೆ, ಫ್ಲೋರ್‌ಸ್ಪಾರ್ ಖನಿಜದಿಂದ ಹೊಸ ಪದ ಕಟ್ಟಿದರು. ಆದರೆ ಆ ಖನಿಜದ ಹೆಸರಿನ ಲ್ಯಾಟಿನ್ ಮೂಲಕ್ಕೆ ‘ಹರಿಯುವುದು’ ಎಂದರ್ಥ. ಅದಿರು ಸುಲಭವಾಗಿ ಕರಗಲೆಂದು ಕುಲುಮೆಗೆ ಹಾಕುತ್ತಿದ್ದ ಕಲ್ಲದು. ಹೆಸರಿನಲ್ಲಿ ಬೆಳಕಿನ ಸುಳಿವೇ ಇಲ್ಲ!

ಪ್ರಯೋಗಾಲಯದ ಕೆಲಸವೇ ಕನ್ನಡ ಪದದ ಪರ ಸಾಕ್ಷಿ ಹೇಳುತ್ತದೆ. ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಬೆಸೆದು ತೋರಿಸಿದರು. ಇಂದು ಸಹಾಯಕ ಟಿ ಕೋಶಗಳನ್ನು ಗುರುತಿಸಲು ಅವುಗಳ ಮೈಮೇಲಿನ ಸಿಡಿ4 ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಫ್ಲೋರೆಸೀನ್ ಬಣ್ಣ ಜೋಡಿಸುತ್ತಾರೆ. 488 ನ್ಯಾನೋಮೀಟರಿನ ನೀಲಿ ಲೇಸರ್ ಬಿದ್ದಾಗ ಅದು ಸುಮಾರು 520ರ ಹಸಿರನ್ನು ಸೂಸುತ್ತದೆ. ಫಿಲ್ಟರ್ ನೀಲಿಯನ್ನು ತಡೆದು ಹಸಿರನ್ನು ಮಾತ್ರ ಬಿಡುತ್ತದೆ. ಬರಿಯ ಪ್ರತಿಫಲನವಾಗಿದ್ದರೆ ಬಂದ ನೀಲಿಯೇ ಮರಳಿ ಫಿಲ್ಟರಿನಲ್ಲೇ ನಿಲ್ಲುತ್ತಿತ್ತು. ಬೇರೆ ಬಣ್ಣದಲ್ಲಿ ಬರುವ ಈ ಮರುನುಡಿಗೆ ‘ಪ್ರತಿದೀಪ್ತಿ’ ಒಪ್ಪುತ್ತದೆ. ಜೋಡಿಪದದ ಬಗ್ಗೆ ಮಾತ್ರ ನನ್ನ ತಕರಾರಿದೆ: ಹೊಳಪು ಪ್ರತಿಕಾಯದ್ದಲ್ಲ, ಬೆಸೆದ ಬಣ್ಣದ್ದು. ‘ಪ್ರತಿದೀಪಕ ಬೆಸೆದ ಪ್ರತಿಕಾಯ’ ಎಂದರೆ ಸರಿ.