ಮಣಿಕಟ್ಟಿನ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯ ಇತಿಹಾಸ

ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳ ಪೈಕಿ ಸ್ಕ್ಯಾಫಾಯ್ಡ್ ಹಾಗೂ ಲ್ಯುನೇಟ್‌ಗಳನ್ನು ಬಿಗಿದಿಡುವ ಅಸ್ಥಿರಜ್ಜು, ಕೈಯೂರಿ ಬಿದ್ದಾಗ ಹರಿಯುವುದುಂಟು. ಆಗ ಎರಡೂ ಮೂಳೆಗಳು ಬೇರೆ ಬೇರೆ ದಿಕ್ಕಿಗೆ ವಾಲಿ ಕೀಲು ನೆಲೆ ತಪ್ಪುತ್ತದೆ. ಇದರ ಚಿಕಿತ್ಸೆಯ ಚರಿತ್ರೆಯನ್ನು 1972ರಿಂದ ಹೇಳುವುದು ರೂಢಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಲಿನ್‌ಶೈಡ್, ಡಾಬಿನ್ಸ್ ಮತ್ತು ಸಂಗಡಿಗರು ಆ ವರ್ಷ ಅಸ್ಥಿರತೆಯನ್ನು, ಲ್ಯುನೇಟ್ ಮುಂಗೈ ಬೆನ್ನಿನ ಕಡೆ ವಾಲಿದೆಯೋ ಅಂಗೈ ಕಡೆಗೋ ಎಂಬುದರ ಮೇಲೆ ವಿಂಗಡಿಸಿದರು. ಆದರೆ ಫ್ರಾನ್ಸಿನ ಲಿಯೋನ್‌ನಲ್ಲಿ ಡೆಸ್ಟೊ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಎಕ್ಸ್‌-ರೇ ಹಿಡಿದು ಮಣಿಕಟ್ಟಿನ ಪೆಟ್ಟುಗಳನ್ನು ಅಭ್ಯಸಿಸಿದ್ದ. 1943ರಲ್ಲಿ ಗಿಲ್ಫರ್ಡ್, ಬೋಲ್ಟನ್, ಲ್ಯಾಂಬ್ರಿನುಡಿ ಮಣಿಕಟ್ಟನ್ನು ಕೊಂಡಿಗಳ ಸರಪಳಿಯಾಗಿ ವಿವರಿಸಿದ್ದರು. 1972ರದು ವರ್ಗೀಕರಣವೇ ಹೊರತು ಶೋಧವಲ್ಲ.

ಆರಂಭದ ಶಸ್ತ್ರಚಿಕಿತ್ಸಕರು ಮೂಳೆಗಳಿಗೆ ರಂಧ್ರ ಕೊರೆದು ಸ್ನಾಯುರಜ್ಜು ಪೋಣಿಸಿದರು; ಚಿಕ್ಕ ಮೂಳೆಗಳಿಗೆ ಅದು ಅಪಾಯಕರವಾಗಿತ್ತು. 1984ರಲ್ಲಿ ವಾಟ್ಸನ್ ಮತ್ತು ಬ್ಯಾಲೆಟ್ ಈ ಗಾಯದ ಬೆನ್ನಿಗೆ ಬರುವ ಸಂಧಿವಾತದ ಹಂತಗಳನ್ನು ತೋರಿಸಿದ ಮೇಲೆ ಶಸ್ತ್ರಕ್ರಿಯೆಗೆ ಕಾರಣ ಗಟ್ಟಿಯಾಯಿತು. ಹರಿದದ್ದೆಲ್ಲ ಸಂಧಿವಾತಕ್ಕೇ ತಿರುಗುತ್ತದೆಯೇ ಎಂಬುದು ಮಾತ್ರ ಇಂದಿಗೂ ಚರ್ಚೆಯಲ್ಲಿದೆ. 1987ರಲ್ಲಿ ಬ್ಲಾಟ್, ಕೀಲುಕೋಶದ ಪಟ್ಟಿಯಿಂದ ಸ್ಕ್ಯಾಫಾಯ್ಡ್ ಅನ್ನು ಹಿಂದಕ್ಕೆ ಎಳೆದು ಕಟ್ಟುವ ವಿಧಾನ ತಂದ.

ಮೂಲಗಳು ಹೆಚ್ಚು ಗೊಂದಲಗೊಳ್ಳುವುದು ‘ಬ್ರೂನೆಲ್ಲಿ’ ಹೆಸರಿನಲ್ಲಿ. ಇಟಲಿಯ ಬ್ರೂನೆಲ್ಲಿಗಳಿಬ್ಬರ 1995ರ ವರದಿಯಲ್ಲಿ, ಮಣಿಕಟ್ಟು ಮಡಚುವ ಸ್ನಾಯುರಜ್ಜಿನ ಒಂದು ಸೀಳನ್ನು ಸ್ಕ್ಯಾಫಾಯ್ಡ್ ಮೂಲಕ ಹಾಯಿಸಿ ಮುಂದೋಳಿನ ರೇಡಿಯಸ್ ಮೂಳೆಗೆ ಕಟ್ಟಲಾಗಿತ್ತು. ಅದು ಕೀಲನ್ನೇ ದಾಟುತ್ತಿದ್ದುದರಿಂದ ಕೈ ಮಡಚುವುದು ಕಡಿಮೆಯಾಗುತ್ತಿತ್ತು. 1998ರಲ್ಲಿ ವಾನ್ ಡೆನ್ ಅಬೇಲೆ ಮತ್ತು ಸಂಗಡಿಗರು ರೇಡಿಯಸ್ ಅನ್ನು ಕೈಬಿಟ್ಟು ಆ ಸೀಳನ್ನು ಮಣಿಕಟ್ಟಿನೊಳಗೇ ಬಿಗಿದರು. 2006ರಲ್ಲಿ ಗಾರ್ಸಿಯಾ-ಎಲಿಯಾಸ್, ಯುಕ್, ಸ್ಟ್ಯಾನ್ಲಿ ಅದನ್ನು ಲ್ಯುನೇಟ್‌ಗೆ ಕೂರಿಸಿ, ಬೆನ್ನಿನ ಕಡೆಯ ಇನ್ನೊಂದು ಅಸ್ಥಿರಜ್ಜಿಗೆ ಸುತ್ತಿ ಹೊಲಿದು, 38 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಈ ಮೂರನ್ನೂ ಒಂದೇ ಶಸ್ತ್ರಕ್ರಿಯೆಯಂತೆ ಎಣಿಸುವ ಬರಹಗಳು ಸಾಕಷ್ಟಿವೆ. ಕಟ್ಟುವ ಜಾಗ ಬದಲಾದರೆ ಕೀಲಿನ ಚಲನೆಯೂ ಬದಲಾಗುವುದರಿಂದ, ಅವುಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಹೋಲಿಸುವುದು ತಪ್ಪು.

ಸ್ಕ್ಯಾಫಾಯ್ಡ್-ಲ್ಯುನೇಟ್ ಅಸ್ಥಿರಜ್ಜಿನ ಬೆನ್ನಿನ ಭಾಗವೇ ಅತಿ ಗಟ್ಟಿಯೆಂದು ಬರ್ಗರ್ ತೋರಿಸಿದ್ದು 1990ರ ದಶಕದಲ್ಲಿ. 1996ರಲ್ಲಿ ಗೈಸ್ಲರ್ ಕೀಲುದರ್ಶಕದಲ್ಲಿ ಕಾಣುವ ಹರಿದ ಪ್ರಮಾಣವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ. ಮುಂದೆ ದುರಸ್ತಿಯೂ ಸಣ್ಣ ರಂಧ್ರಗಳ ಮೂಲಕವೇ ನಡೆಯತೊಡಗಿತು. ಯಾವ ವಿಧಾನವೂ ಉಳಿದವುಗಳಿಗಿಂತ ಮೇಲೆಂದು ಸ್ಥಾಪಿತವಾಗಿಲ್ಲ. ಮೃದ್ವಸ್ಥಿ ಸವೆದ ಮೇಲಂತೂ ಇವು ಯಾವುವೂ ಹೊಂದುವುದಿಲ್ಲ. ಮೂಳೆಗಳ ಮೇಲಿನ ಸಾಲನ್ನು ತೆಗೆಯುವುದು, ಇಲ್ಲವೇ ಸ್ಕ್ಯಾಫಾಯ್ಡ್ ತೆಗೆದು ನಾಲ್ಕು ಮೂಳೆಗಳನ್ನು ಬೆಸೆಯುವುದು ಆಗಿನ ಚಿಕಿತ್ಸೆ.