ಕಾರಿಗೆ ಸಣ್ಣ ಗೀರು ಬಿತ್ತಾ? ಪೇಂಟ್ ಮಾಡಿಸೋ ಮುಂಚೆ ಇದನ್ನೊಮ್ಮೆ ನೋಡಿ

ಸದಲಗಾ: ಕಬ್ಬಿನ ಹಂಗಾಮು ಶುರುವಾದರೆ ಸದಲಗಾ, ಯಕ್ಸಂಬಾ, ಬೋರಗಾಂವ ಕಡೆಯ ರಸ್ತೆ ತುಂಬ ಟ್ರ್ಯಾಕ್ಟರ್‌ಗಳದ್ದೇ ಸಾಲು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಕ್ಕರೆ ಕಾರ್ಖಾನೆಗಳ ಕಡೆ ಹೊರಟ ಡಬಲ್ ಟ್ರಾಲಿಗೆ ಸೈಡ್ ಕೊಡುವಾಗ ಕಬ್ಬಿನ ರವದಿ ಕಾರಿಗೆ ಸವರಿಕೊಂಡು ಹೋಗುತ್ತದೆ. ಪೇಟೆಯಲ್ಲಿ ಅಂಗಡಿ ಮುಂದೆ ಕಾರು ನಿಲ್ಲಿಸಿದರೆ ಬೈಕಿನ ಹ್ಯಾಂಡಲ್ ತಾಗುತ್ತದೆ. ಗೀರು ಕಂಡ ತಕ್ಷಣ ಬಹಳ ಮಂದಿ ಗ್ಯಾರೇಜಿಗೆ ಹೋಗಿ ಇಡೀ ಬಾಗಿಲಿಗೆ ಪೇಂಟ್ ಹೊಡೆಸಿ ಬರುತ್ತಾರೆ. ಹಲವು ಗೀರು ಮನೆಯಲ್ಲೇ ಹೋಗುವಂಥವು. ಕಂಪನಿ ಪೇಂಟ್ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಕಾರು ಮಾರುವಾಗ 'ಈ ಬಾಗಿಲು ಯಾಕ ಪೇಂಟ್ ಆಗೇತಿ, ಗಾಡಿ ಬಡದಿತ್ತೇನು?' ಅನ್ನೋ ಪ್ರಶ್ನೆ ಬಂದೇ ಬರುತ್ತದೆ.

ಮೊದಲು ಗೀರಿನ ಆಳ ನೋಡಿ

ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ನಂತರ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಹೊಳಪಿನ ಪದರ ಇರುತ್ತದೆ. ಈ ಕೊನೆಯದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ನಾಲ್ಕೂ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ. ಗೀರು ತೆಗೆಯುವುದು ಅಂದರೆ ಇದೇ ತೆಳ್ಳನೆ ಪದರವನ್ನು ಇನ್ನಷ್ಟು ಉಜ್ಜಿ ಸಮ ಮಾಡುವುದು. ಹಾಗಾಗಿ ಎಷ್ಟು ಕಡಿಮೆ ಉಜ್ಜಿದರೆ ಅಷ್ಟು ಒಳ್ಳೆಯದು.

ಗಾಡಿ ತೊಳೆದು ಹೀಗೆ ಪರೀಕ್ಷೆ ಮಾಡಿ:

- ನೀರು: ಗೀರಿನ ಮೇಲೆ ನೀರು ಹಾಕಿದಾಗ ಅದು ಕಾಣದಂತಾದರೆ, ಗೀರು ಕ್ಲಿಯರ್ ಕೋಟ್‌ನಲ್ಲಷ್ಟೇ ಇದೆ. ಉಜ್ಜಿದರೆ ಹೋಗುತ್ತದೆ.
- ಉಗುರು: ಗೀರಿಗೆ ಅಡ್ಡವಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಬಿದ್ದರೆ ಗೀರು ಆಳದ್ದು, ಪೂರ್ತಿ ಹೋಗುವುದಿಲ್ಲ.
- ಬಣ್ಣ: ಗೀರಿನೊಳಗೆ ಬೂದು ಬಣ್ಣದ ಪ್ರೈಮರ್ ಇಲ್ಲವೇ ತಗಡು ಕಂಡರೆ ಉಜ್ಜಲು ಹೋಗಬೇಡಿ.

ಕಬ್ಬಿನ ರವದಿಯ ಅಂಚು ಗರಗಸದಂತೆ ಇರುತ್ತದೆ. ಅದು ಸವರಿದ ಸಣ್ಣ ಗೆರೆಗಳು ಹೆಚ್ಚಾಗಿ ಮೇಲಿನ ಪದರದಲ್ಲೇ ನಿಲ್ಲುತ್ತವೆ. ಟ್ರಾಲಿಯ ಕಬ್ಬಿಣದ ಮೂಲೆ ತಾಗಿದ್ದರೆ ಲೆಕ್ಕ ಬೇರೆ.

ಅದು ಗೀರಾ, ಅಂಟಿದ ಬಣ್ಣಾನಾ?

ಬಿಳಿ ಕಾರಿನ ಮೇಲೆ ಟ್ರ್ಯಾಕ್ಟರ್‌ನ ಕೆಂಪು ಗೆರೆ, ಬೈಕಿನ ರಬ್ಬರ್‌ನ ಕಪ್ಪು ಗುರುತು, ಗೋಡೆಯ ಸುಣ್ಣ. ಇವು ನೋಡೋಕೆ ಗೀರಿನಂತಿದ್ದರೂ ಬಹಳ ಸಲ ಮೇಲೆ ಅಂಟಿಕೊಂಡ ಬಣ್ಣವಷ್ಟೇ. ಟಾರ್ ರಿಮೂವರ್ ಅಥವಾ ಅರ್ಧ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆ ಅರಿವೆ ಅದ್ದಿ ಒರೆಸಿ, ಆಮೇಲೆ ನೀರಿನಿಂದ ತೊಳೆಯಿರಿ. ಬೆಂಕಿಯಿಂದ ದೂರ ಇರಲಿ. ಹೊಸದಾಗಿ ಪೇಂಟ್ ಆದ ಭಾಗಕ್ಕೆ ಇದನ್ನು ಹಚ್ಚಬೇಡಿ.

ಉಜ್ಜುವ ಕ್ರಮ

1. ಕಾರು ನೆರಳಲ್ಲಿರಲಿ, ತಗಡು ತಣ್ಣಗಿರಲಿ. ಶಾಂಪೂ ಹಾಕಿ ಎರಡು ಸಲ ತೊಳೆಯಿರಿ. ಮಣ್ಣಿನ ಒಂದು ಕಣ ಉಳಿದರೂ ಉಜ್ಜುವಾಗ ಅದೇ ಹೊಸ ಗೀರು ಮಾಡುತ್ತದೆ.
2. ಪಕ್ಕದ ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ.
3. ಮೊದಲು ಸಣ್ಣ ಹುಡಿಯ ಪಾಲಿಶ್ ಹಚ್ಚಿ ನೋಡಿ. ಆಗದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡ್. ಬಟಾಣಿ ಕಾಳಿನಷ್ಟು ಸಾಕು.
4. ಮೈಕ್ರೋಫೈಬರ್ ಅರಿವೆ ಅಥವಾ ಸ್ಪಂಜಿನ ಪ್ಯಾಡ್‌ನಿಂದ ಹಗುರಕ್ಕೆ ಉಜ್ಜಿ. ಹತ್ತು-ಹದಿನೈದು ಸಲ ಆದ ಮೇಲೆ ಒರೆಸಿ ನೋಡಿ, ಬೇಕಾದರೆ ಮತ್ತೆ ಉಜ್ಜಿ.
5. ಕಾಂಪೌಂಡ್ ಹಾಕಿದ ಜಾಗ ಮಬ್ಬಾಗಿ ಕಂಡರೆ ಪಾಲಿಶ್ ಹಚ್ಚಿ, ಕೊನೆಗೆ ವ್ಯಾಕ್ಸ್ ಹಾಕಿ.

ಅರಿವೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲೇ ನಿಲ್ಲಿಸಿ. ಕ್ಲಿಯರ್ ಕೋಟ್ ಸವೆದು ಹೋಗಿರಬಹುದು. ಕ್ಲಿಯರ್ ಕೋಟ್ ಇಲ್ಲದ ಹಳೇ ಗಾಡಿಗಳಲ್ಲಿ ಮಾತ್ರ ಬಣ್ಣ ಬರುವುದು ಸಹಜ. ಬಾಗಿಲಿನ ಅಂಚು, ಬಾಡಿಯ ಮಡಿಕೆ ಇರುವ ಕಡೆ ಪೇಂಟ್ ಬೇಗ ಸವೆಯುತ್ತದೆ, ಅಲ್ಲಿ ಕೈ ಇನ್ನೂ ಹಗುರ ಇರಲಿ.

ಇವು ಬೇಡ

- ಥಿನ್ನರ್, ಪೆಟ್ರೋಲ್: ಥಿನ್ನರ್ ಪೇಂಟನ್ನೇ ಮೆತ್ತಗೆ ಮಾಡುತ್ತದೆ. ಪೆಟ್ರೋಲ್‌ಗೆ ಬೆಂಕಿ ಹತ್ತುವ ಭಯ.
- ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಬೂದಿ: ಒಂದು ಗೀರು ತೆಗೆಯಲು ಹೋಗಿ ನೂರು ಗೀರು.
- ಒಣ ಅರಿವೆಯಿಂದ ಧೂಳು ಒರೆಸುವುದು: ದಿನಾ ಬೆಳಿಗ್ಗೆ ಹೀಗೆ ಒರೆಸುವ ಕಾರುಗಳ ಮೇಲೆ ಬಿಸಿಲಲ್ಲಿ ಜೇಡರ ಬಲೆಯಂಥ ಗೆರೆ ಕಾಣುತ್ತವೆ.
- ಮ್ಯಾಟ್ ಪೇಂಟ್ ಇರುವ ಕಾರಿಗೆ ಪಾಲಿಶ್: ಉಜ್ಜಿದ ಜಾಗ ಮಾತ್ರ ಹೊಳೆದು ಕಲೆಯಂತೆ ಉಳಿಯುತ್ತದೆ.

ತಗಡು ಕಂಡರೆ ತಡ ಮಾಡಬೇಡಿ

ಬಂಪರ್ ಪ್ಲಾಸ್ಟಿಕ್ಕಿನದು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಧಾನಕ್ಕೆ ಮಾಡಿಸಿದರೂ ನಡೆಯುತ್ತದೆ. ಬಾಗಿಲು, ಬಾನೆಟ್‌ನಲ್ಲಿ ತಗಡು ಕಂಡರೆ ಮಳೆಗಾಲದಲ್ಲಿ ಕೆಲವೇ ದಿನಕ್ಕೆ ತುಕ್ಕು ಶುರುವಾಗುತ್ತದೆ. ಅಂಥ ಕಡೆ ಟಚ್-ಅಪ್ ಪೇಂಟ್ ಹಚ್ಚಬೇಕು. ಬಣ್ಣ ಹೊಂದಬೇಕಾದರೆ ಕಾರಿನ ಪೇಂಟ್ ಕೋಡ್ ಬೇಕು. ಬಹಳಷ್ಟು ಕಾರುಗಳಲ್ಲಿ ಬಾಗಿಲ ಕಂಬದ ಮೇಲೆ ಅಥವಾ ಬಾನೆಟ್ ಒಳಗಿನ ಪಟ್ಟಿಯಲ್ಲಿ ಅದು ಸಿಗುತ್ತದೆ.

ಇನ್ಶೂರೆನ್ಸ್ ಕ್ಲೇಮ್ ಮಾಡಬೇಕಾ?

ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮುಂಚೆ ಲೆಕ್ಕ ಹಾಕಿ. 1,500 ಸಿಸಿವರೆಗಿನ ಖಾಸಗಿ ಕಾರಿಗೆ ಪ್ರತಿ ಕ್ಲೇಮ್‌ನಲ್ಲಿ ಮೊದಲ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000 ರೂಪಾಯಿ ಮಾಲೀಕರೇ ಕೊಡಬೇಕು. ಜೊತೆಗೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಗಾಡಿಯ ಹಾನಿಯ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಐದು ವರ್ಷಕ್ಕೆ ಅದು ಶೇ 50 ಆಗುತ್ತದೆ. ಬೋನಸ್ ಉಳಿಸುವ ಆ್ಯಡ್-ಆನ್ ತೆಗೆದುಕೊಳ್ಳದಿದ್ದರೆ ಒಂದೇ ಕ್ಲೇಮ್‌ಗೆ ಇದು ಸೊನ್ನೆಗೆ ಬರುತ್ತದೆ.

ಗ್ಯಾರೇಜಿಗೆ ಹೋಗಲೇಬೇಕಾದರೆ 'ಪೇಂಟ್ ಎಷ್ಟಾಗತೈತಿ?' ಅಂತ ಕೇಳುವ ಬದಲು 'ಬಫಿಂಗ್‌ನಲ್ಲಿ ಹೋಗತೈತೇನು ನೋಡ್ರಿ' ಅಂತ ಕೇಳಿ. ನೀರು ಹಾಕಿದಾಗ ಮಾಯವಾಗುವ ಗೀರಿಗೆ ಇಡೀ ಬಾಗಿಲು ಪೇಂಟ್ ಮಾಡಿಸುವ ಅಗತ್ಯವಿಲ್ಲ.